ತೋಳಿನ ಮೇಲೆ ಬರೆದ ಹೊತ್ತು

ಅಪ್ಪಾ,

ಮಧ್ಯಾಹ್ನದಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಯಂತ್ರದ ಮುಂದೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತದೆ, ಎದ್ದರೆ ಯಾಕೆ ಎದ್ದೆನೋ ಮರೆತುಹೋಗುತ್ತದೆ.

ಬೆಳಿಗ್ಗೆ ಶಾಲೆಯ ಟೀಚರ್ ಅಂಗಡಿಗೆ ಬಂದಿದ್ದರು. ಅರ್ಧ ಹೊಲಿದ ನೀಲಿ ಕೋಟು ತೊಡಿಸಿ ಅಳತೆ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಅವರ ಬಲಗೈ ಜೋತುಬಿತ್ತು, ಬಾಯಿ ಒಂದು ಕಡೆಗೆ ಎಳೆಯಿತು, ಮಾತು ತೊದಲಿತು. ನಾನು ಗಡಿಯಾರ ನೋಡಿ, ಕೈಲಿದ್ದ ಸೀಮೆಸುಣ್ಣದಲ್ಲೇ ಕೋಟಿನ ತೋಳಿನ ಮೇಲೆ 11.20 ಎಂದು ಬರೆದು ಆಂಬುಲೆನ್ಸ್ ಕರೆಸಿದೆ.

ಸ್ಕ್ಯಾನ್ ಮಾಡಿಸಿದ ಡಾಕ್ಟರ್, "ಇದನ್ನ ಬರೆದೋರು ಯಾರು? ಒಳ್ಳೇ ಕೆಲಸ ಆಯ್ತು. ನಾಲ್ಕೂವರೆ ಗಂಟೆ ಒಳಗೇ ಬಂದಿದ್ದಾರೆ, ಮಿದುಳಲ್ಲಿ ಹೆಪ್ಪುಗಟ್ಟಿರೋ ರಕ್ತ ಕರಗಿಸೋ ಇಂಜೆಕ್ಷನ್ ಕೊಡ್ತೀವಿ" ಅಂದರು. ಸಂಜೆಗೆ ಟೀಚರ್ ಬೆರಳು ಆಡಿಸಿದರು.

"ಹೊತ್ತು ಗೊತ್ತಿಲ್ದೇ ಇದ್ದಿದ್ರೆ?" ಎಂದು ಮಧ್ಯಾಹ್ನವೇ ಡಾಕ್ಟರನ್ನು ಕೇಳಿದ್ದೆ.

"ಈಗ ಸ್ಕ್ಯಾನ್ ನೋಡಿ ಕೆಲವರಿಗೆ ಕೊಡ್ತೀವಿ. ಯಾರಿಗೆ ಕೊಡಬೇಕು ಅನ್ನೋ ವಾದ ನಮ್ಮಲ್ಲೇ ಇನ್ನೂ ಮುಗಿದಿಲ್ಲ. ಹಿಂದೆ ಆಗಿದ್ರೆ ಕೊಡ್ತಾನೇ ಇರಲಿಲ್ಲ."

ನಿನ್ನದು ಹನ್ನೆರಡು ವರ್ಷದ ಹಿಂದಿನ ಮಾತು. ಅವತ್ತೂ ಕೇಳಿದ್ದರು, ಶುರುವಾಗಿದ್ದು ಎಷ್ಟು ಹೊತ್ತಿಗೆ ಎಂದು. "ಗೊತ್ತಿಲ್ಲ, ನಾನು ಹೋದಾಗ ಬಿದ್ದಿದ್ರು" ಎಂದೆ. ಇಂಜೆಕ್ಷನ್ ಕೊಡಲಿಲ್ಲ. ಸಾಯುವ ತನಕ ನಿನಗೆ ಮಾತು ಬರಲಿಲ್ಲ.

ದನಿ ಬದಲಿಸಿ ಫೋನ್ ಮಾಡಿ ನನ್ನನ್ನು ಆಟ ಆಡಿಸುವುದು ನಿನಗೆ ಅಭ್ಯಾಸ. ಆ ದಿನ ತೊದಲಿದಾಗಲೂ, "ಕೆಲಸ ಇದೆಯಪ್ಪಾ, ನಿನ್ನ ನಾಟಕ ಆಮೇಲೆ" ಎಂದು ಫೋನ್ ಇಟ್ಟುಬಿಟ್ಟಿದ್ದೆ.

ಆಗ ಗಂಟೆ ಹತ್ತೂ ಐದು. ಗಡಿಯಾರ ಎದುರಿಗೇ ಇತ್ತು. ಆಸ್ಪತ್ರೆಯವರು ನನ್ನನ್ನು ಕೇಳಿದಾಗ ಇನ್ನೂ ಹನ್ನೆರಡೂ ಆಗಿರಲಿಲ್ಲ.