ತಿರ್ಸಾ ಎಂಬ ಹೆಸರು ಮೊಮ್ಮಗಳಿಗೆ

೭ ಫೆಬ್ರವರಿ ೧೯೯೪, ಸೋಮವಾರ ಬೆಳಿಗ್ಗೆ

ಕಡಲೆ ನೆನೆಹಾಕಿದೆ. ಬಟ್ಟೆ ಒಗೆಯುವುದಿದೆ. ಮಗಳು ರವಿತ್‌ಳ ಕೂಸಿಗೆ ಮೂರು ದಿನ. ಮೂವರು ಗಂಡು ಮೊಮ್ಮಕ್ಕಳಾದ ಮೇಲೆ ಮೊದಲ ಹೆಣ್ಣು! ಶನಿವಾರ ಅಳಿಯ ಎಲ್ಖಾನಾನ್ ಸಭಾಮಂದಿರದಲ್ಲಿ ಹೆಸರು ಕೂಗುತ್ತಾನೆ. ನನ್ನ ಹೆಸರೇ — ತಿರ್ಸಾ. ನಮ್ಮ ಮೊರಾಕೊ ಕಡೆಯ ಯಹೂದಿಗಳಲ್ಲಿ ಬದುಕಿರುವ ಅಜ್ಜಿಯ ಹೆಸರಿಡುವುದೇ ಮರ್ಯಾದೆ. ‘ಮನಸ್ಸಿಗೆ ಒಪ್ಪಿದವಳು’ ಎಂದರ್ಥ. ಧರ್ಮಗ್ರಂಥದ ತಿರ್ಸಾ, ಅಪ್ಪನ ಆಸ್ತಿಯಲ್ಲಿ ನಮಗೂ ಪಾಲು ಕೊಡಿ ಎಂದು ಪ್ರವಾದಿ ಮೋಶೆಯ ಎದುರೇ ನಿಂತ ಐವರು ಅಕ್ಕತಂಗಿಯರಲ್ಲಿ ಕೊನೆಯವಳು. ಗಟ್ಟಿಗಿತ್ತಿ. ಆಸೆಯಾಗದೆ ಇರುತ್ತದೆಯೇ...

೯, ಬುಧವಾರ

ಬೀಗಿತ್ತಿ ಗಿಟೆಲ್ ಬಂದಿದ್ದಳು. ಪೋಲೆಂಡ್ ಮೂಲದವಳು. ಹೆಸರು ಕೇಳಿದ್ದೇ ಲೋಟ ಕೆಳಗಿಟ್ಟಳು.

“ಬದುಕಿರೋರ ಹೆಸರಾ? ಅಯ್ಯೋ, ಬೇಡಾರೀ! ಮೃತ್ಯುದೂತ ಬಂದ್ರೆ ಯಾವ ತಿರ್ಸಾ ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು?”

“ಹಲ್ಲು ನೋಡಿದ್ರೆ ಗೊತ್ತಾಗಲ್ವಾ?” ಅಂದೆ.

“ತಮಾಷೆ ಬೇಡ. ನನ್ನ ತಾಯಿ ಹೆಸರಿಡಿ, ಪೆಸಿಯಾ. ತೀರಿಹೋಗಿ ಮೂವತ್ತು ವರ್ಷ ಆಯ್ತು. ಭಯ ಇಲ್ಲ.”

ಮೈಯೆಲ್ಲ ಉರಿಯಿತು. “ನಿಮಗೆ ನನ್ನ ಹೆಸರೇ ಸೇರಲ್ಲ ಬಿಡಿ!” ಎಂದುಬಿಟ್ಟೆ. ಚಹಾ ಅರ್ಧಕ್ಕೇ ಬಿಟ್ಟು ಹೋದಳು.

೧೦, ಗುರುವಾರ

ರವಿತ್ ಬೈದಳು. “ಅಮ್ಮಾ, ಅತ್ತೆ ನಿನ್ನೆಯಿಂದ ಅಳ್ತಾನೇ ಇದಾರೆ. ನಿನಗೇ ಏನಾದ್ರೂ ಆಗ್ಬಿಟ್ರೆ ಅಂತ ಅವರಿಗೆ ದಿಗಿಲು.”

ನಾನೆಂಥ ದಡ್ಡಿ! ಅಳಿಯನನ್ನು ಕರೆದು, “ಪೆಸಿಯಾ ಅಂತಲೇ ಇಡಪ್ಪ” ಅಂದೆ. ಇರಲಿ.

೧೨, ಶನಿವಾರ ಸಂಜೆ

ಮೂರು ನಕ್ಷತ್ರ ಕಂಡವು. ವಾರದ ವಿಶ್ರಾಂತಿಯ ದಿನ ಶಬ್ಬತ್ ಮುಗಿಯಿತು, ಇನ್ನು ಬರೆಯಬಹುದು.

ಹೆಂಗಸರ ಮಾಳಿಗೆಯಲ್ಲಿ ಗಿಟೆಲ್ ಪಕ್ಕದಲ್ಲೇ ಕೂತಿದ್ದೆ. ಕೆಳಗೆ ಎಲ್ಖಾನಾನ್ ಕೂಗಿದ — “ತಿರ್ಸಾ!” ಬೆಚ್ಚಿ ಅವಳತ್ತ ತಿರುಗಿದೆ.

“ನಾನೇ ಹೇಳ್ದೆ ಅವನಿಗೆ,” ಎಂದಳು. “ನಿನಗೇನಾದ್ರೂ ಆಯ್ತೋ, ನಿನ್ನ ಸುಮ್ನೆ ಬಿಡಲ್ಲ ನೋಡು!”

ಹನ್ನೊಂದು ವರ್ಷದ ಬೀಗತನದಲ್ಲಿ ಮೊದಲ ಸಲ ‘ನೀನು’ ಎಂದಳು. ತಬ್ಬಿಕೊಂಡು ಇಬ್ಬರೂ ಅತ್ತೆವು. ಕೂಸಿಗೆಂದು ಎರಚಬೇಕಾದ ಮಿಠಾಯಿ ಮಡಿಲಲ್ಲೇ ಉಳಿಯಿತು.

೨೦, ಭಾನುವಾರ ಬೆಳಿಗ್ಗೆ ೬.೨೦

ವಾರದಿಂದ ದಿನಾ ಆರಕ್ಕೆ ಸರಿಯಾಗಿ ಗಿಟೆಲ್ ಫೋನ್. “ಇದ್ದೀಯಾ?” “ಇದ್ದೀನಿ ಮಾರಾಯ್ತಿ.” “ಸರಿ.” ಟಕ್ಕನೆ ಇಟ್ಟುಬಿಡುತ್ತಾಳೆ. ನಿನ್ನೆ ಶಬ್ಬತ್, ಫೋನ್ ಮುಟ್ಟುವಂತಿಲ್ಲ — ಎರಡು ಬಡಾವಣೆ ದಾಟಿ ನಡೆದೇ ಬಂದಳು. ಬಾಗಿಲಲ್ಲೇ ನನ್ನ ಮುಖ ನೋಡಿ ವಾಪಸ್!

ಇವತ್ತು ಇನ್ನೂ ಫೋನಿಲ್ಲ. ನಿನ್ನೆ ಅಷ್ಟು ದೂರ ನಡೆದದ್ದಕ್ಕೆ ಅವಳಿಗೇ ಏನಾದರೂ... ಛೆ, ಬಿಡ್ತು ಅನ್ನಬೇಕು. ನಾನೇ ಹೋಗಿ ನೋಡಿಬರು— ಬಂತು! ಫೋನ್! ಬಂದೆ ಕಣೇ, ಬಂ