ಎರ್ಲೀನಳ ಕೈ

ಹಾರ್ಲೆಮ್, ೨ ಅಕ್ಟೋಬರ್ ೧೯೭೦

ಸಿನಿಮಾ ಕಂಪನಿಯ ಮ್ಯಾನೇಜರರಿಗೆ,

ನಿಮ್ಮ ಆಫೀಸಿಗೇ ಬಂದು ಕೇಳಿದೆ. ಬಾಗಿಲಲ್ಲಿ ಕೂತ ಹುಡುಗಿ "ಬರೆದು ಕೊಡಿ ಯಜಮಾನ್ರೇ" ಅಂದಳು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನಿಂದ ಬರೆಸುತ್ತಿದ್ದೀರಿ, ಕಷ್ಟಪಟ್ಟು ಓದಿಕೊಳ್ಳಿ.

ನಿಮ್ಮ ಸಿನಿಮಾದಲ್ಲಿ ನಮ್ಮ ಕಪ್ಪು ಜನರೇ ಇಬ್ಬರು ಪೊಲೀಸ್ ಹೀರೋಗಳಾದರೆಂದು ಊರೇ ಕುಣಿಯುತ್ತಿದೆ. ಸಂತೋಷ. ಅವರು ಕಳ್ಳನನ್ನು ಅಟ್ಟಿಸಿಕೊಂಡು ಚರ್ಚಿಗೆ ನುಗ್ಗುವ ದೃಶ್ಯಕ್ಕೆ, ಭಾನುವಾರ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಬನ್ನಿ ಎಂದು ನಮ್ಮ ಹೆಂಗಸರನ್ನು ಕರೆದಿರಿ. ನನ್ನ ಹೆಂಡತಿ ಎರ್ಲೀನ್ ಹೋದಳು, ನಾನು ಹೋಗಲಿಲ್ಲ. ಅವಳ ಪಕ್ಕಕ್ಕೆ ಕ್ಲಿಯೋಫಸ್‌ನನ್ನು ಕೂರಿಸಿದಿರಿ. ಹೆಂಡತಿ ಸತ್ತವನು, ನಮ್ಮ ಚರ್ಚಿನಲ್ಲಿ ಹಾಡುವವನು.

ಗುಂಡು ಹಾರಿದಾಗ ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ. ಹೆದರಿಕೆ, ಇರಲಿ. ಕಳ್ಳ ಸಿಕ್ಕಿಬಿದ್ದು ಪೊಲೀಸರು ಜೋಕು ಹೊಡೆಯುವಾಗಲೂ ಬಿಟ್ಟಿಲ್ಲವಲ್ಲ! ಥಿಯೇಟರ್ ತುಂಬ ನಮ್ಮ ಜನ ಪರದೆಗೆ ಕೂಗುತ್ತಾರೆ: "ಬಿಡ್ಬೇಡ ಕಣೋ ಕ್ಲಿಯೋಫಸ್, ವಿಲ್ಬರ್ಟ್ ಇಲ್ಲಿಲ್ಲ!" ಆ ವಿಲ್ಬರ್ಟ್ ನಾನೇ, ಅಲ್ಲೇ ಕೂತಿದ್ದೆ.

ಎರ್ಲೀನಳನ್ನು ಕೇಳಿದರೆ "ಡೈರೆಕ್ಟರ್ ಹೇಳಿದ್ರು ಕಣ್ರೀ, ಸುಮ್ನೆ ಊಟ ಮಾಡಿ" ಅನ್ನುತ್ತಾಳೆ.

ದೃಶ್ಯ ಕತ್ತರಿಸಿ ಎಂದು ಕೇಳುತ್ತಿಲ್ಲ. ಕೈ ಬಿಡಬೇಡಿ ಎಂದು ನೀವು ಹೇಳಿದ್ದಿರೋ ಇಲ್ಲವೋ, ಅಷ್ಟೇ ಬರೆಯಿರಿ. ಹನ್ನೊಂದನೇ ತಾರೀಖಿನ ಭಾನುವಾರದಿಂದ ಅವಳೂ ಚರ್ಚಿನಲ್ಲಿ ಹಾಡಲು ಸೇರುತ್ತಾಳಂತೆ. ಹತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.

ಇಂತಿ,
ಎರ್ಲೀನಳ ಗಂಡ
ವಿಲ್ಬರ್ಟ್ ಟಾಲಿವರ್