ಯಾರ ಮನೆಯಲ್ಲೂ ಬೀಳದವಳು

ಆರ್‌ಪಿಸಿ ಲೇಔಟ್, ಬೆಂಗಳೂರು
ಶನಿವಾರ, ೨೩ ಆಗಸ್ಟ್ ೨೦೨೫

ಪ್ರೀತಿಯ ಅಮ್ಮನಿಗೆ,

ಹೇಗಿದ್ದೀಯ ಎಂದು ಕೇಳಿ ಶುರು ಮಾಡಬೇಕು, ಗೊತ್ತು. ಆದರೆ ಮೊದಲು ಸ್ಪಂದನಳ ಕೈ ಹೇಗಿದೆ ಎಂದು ಕೇಳಬೇಕೆನಿಸುತ್ತಿದೆ. ಪ್ಲಾಸ್ಟರ್ ಪಟ್ಟಿಯ ಒಳಗೆ ತುರಿಸಿದರೆ ಪೆನ್ಸಿಲ್ ತೂರಿಸಲು ಬಿಡಬೇಡ. ಅವಳು ಕೇಳದೆ ತೂರಿಸುತ್ತಾಳೆ.

ನೀನು ನನ್ನ ಫೋನ್ ಎತ್ತುತ್ತಿಲ್ಲ. ಮೆಸೇಜ್ ಕಳಿಸಿದರೆ ಎಲ್ಲವೂ ವಕೀಲರ ಕೈಗೆ ಹೋಗುತ್ತದೆ ಎಂದು ಅಪ್ಪ ಹೇಳುತ್ತಾರೆ. ಅದಕ್ಕೇ ಈ ಕಾಗದ. ಇದನ್ನು ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ಅವರು ಅಂಗಡಿಗೆ ಹೋಗಿದ್ದಾರೆ, ಅಜ್ಜಿ ಹೊರಗೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಾರೆ. ಇವತ್ತು ಶನಿವಾರವಾದ್ದರಿಂದ ಸ್ಪಂದನ ಬರುತ್ತಾಳೇನೋ ಎಂದು ಬೆಳಿಗ್ಗೆಯಿಂದ ಎರಡು ಸಲ ಕೇಳಿದರು. ನೀನು ಕಳಿಸುವುದಿಲ್ಲ ಎಂದಿರುವುದನ್ನು ಅವರಿಗೆ ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅಮ್ಮ, ನಾನು ಮೆಟ್ರೋದಲ್ಲಿ ಫೋನ್ ನೋಡುತ್ತಾ ನಿಂತಿದ್ದೆ, ತಂಗಿಯನ್ನು ಹಿಡಿದುಕೊಳ್ಳಲಿಲ್ಲ, ಅವಳು ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಳು ಎಂದು ನೀನು ನಂಬಿದ್ದೀಯ. ಆ ಸಂಜೆ ನರ್ಸಿಂಗ್ ಹೋಮಿನಲ್ಲಿ ನಾನೂ ಇಲ್ಲ ಎನ್ನಲಿಲ್ಲ. ಆದರೆ ಅವಳು ಮೆಟ್ರೋದಲ್ಲಿ ಬೀಳಲಿಲ್ಲ. ಇಲ್ಲಿ, ಈ ಮನೆಯಲ್ಲಿ, ತಾರಸಿ ಮೆಟ್ಟಿಲ ಮೇಲೆ ಬಿದ್ದಳು. ಪೂರ್ತಿ ಓದುವವರೆಗೂ ಅಪ್ಪನಿಗೆ ಫೋನ್ ಮಾಡಬೇಡ.

ಆ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯವರು ಪಾರಿವಾಳಗಳನ್ನು ಹಾರಿಸುತ್ತಿದ್ದರು. ಅದನ್ನು ನೋಡಲು ಅವಳು ಒಬ್ಬಳೇ ಮೇಲೆ ಹೋದಳು. ಅಜ್ಜಿ ಆಗಷ್ಟೇ ಒಗೆದ ಬಟ್ಟೆ ಹೊತ್ತುಕೊಂಡು ಹೋಗಿದ್ದರು, ಮೆಟ್ಟಿಲೆಲ್ಲ ನೀರು. ಇಳಿಯುವಾಗ ಜಾರಿದ್ದಾಳೆ. ಯಾರಿಗೂ ಸದ್ದು ಕೇಳಲಿಲ್ಲ, ಏಕೆಂದರೆ ಅವಳು ಕೂಗಲಿಲ್ಲ. ಕೆಳಗೆ ಬಂದು ಬಚ್ಚಲಲ್ಲಿ ಮುಖ ತೊಳೆದುಕೊಂಡು, ಎಡಗೈಯನ್ನು ಮಡಿಲಲ್ಲಿಟ್ಟು ಟಿವಿ ಮುಂದೆ ಕೂತಳು. ಊಟಕ್ಕೆ ಕರೆದರೆ ಬಂದು ಬಲಗೈಯಲ್ಲಿ ಮುದ್ದೆ ಮುರಿದು ತಿಂದಳು. ಅಪ್ಪ ಅವಳ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟು, ಇವತ್ತು ಚೆನ್ನಾಗಿ ತಿಂದಳು ಎಂದು ಖುಷಿಪಟ್ಟರು. ಅಜ್ಜಿ ಜಡೆ ಹಾಕಲು ಕರೆದಾಗ ಮಾತ್ರ ಬೇಡ ಎಂದು ದೂರ ಸರಿದಳು. ಕೂಸು ಯಾಕೋ ಮಂಕಾಗಿದೆ ಎಂದು ಅಜ್ಜಿ ಅಂದದ್ದು ನನಗೂ ಕೇಳಿಸಿತು. ಹೊರಡುವ ಹೊತ್ತಿಗೆ ಯಾವಾಗಲೂ ಹಾಗೇ ಇರುತ್ತಾಳಲ್ಲ ಎಂದುಕೊಂಡೆ.

ಅತ್ತಿಗುಪ್ಪೆ ಸ್ಟೇಷನ್ ಮೆಟ್ಟಿಲ ತನಕ ಅಪ್ಪ ಬಂದು ಬಿಟ್ಟರು. ಅಲ್ಲಿಂದ ರಾಜರಾಜೇಶ್ವರಿನಗರದಲ್ಲಿ ನಿನ್ನ ಅಪಾರ್ಟ್‌ಮೆಂಟಿನ ಗೇಟಿನವರೆಗೆ ನನ್ನ ಪಾಲು, ನಿನಗೆ ಗೊತ್ತೇ ಇದೆ. ರೈಲು ಹೊರಟಾಗ ಒಂದು ಜೋಲಿ ಹೊಡೆಯಿತು. ಯಾರೋ ಅವಳ ಎಡಗೈಗೆ ತಾಗಿದರು. ಆಗ ನೋಡಿದೆ. ತುಟಿ ಕಚ್ಚಿಕೊಂಡಿದ್ದಾಳೆ, ಕಣ್ಣಿಂದ ನೀರು ಇಳಿಯುತ್ತಿದೆ, ಮುಖ ಮಾತ್ರ ಏನೂ ಆಗದವರ ಹಾಗೆ. ಅಂಗಿಯ ತೋಳು ಮೇಲೆ ಸರಿಸಿದರೆ ಮಣಿಕಟ್ಟು ಊದಿಕೊಂಡು ಬೇರೆ ಯಾರದೋ ಕೈ ಇದ್ದ ಹಾಗಿತ್ತು. ತಾರಸಿ ಮೆಟ್ಟಿಲಲ್ಲಿ ಜಾರಿದೆ ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಅಕ್ಕ, ಇವತ್ತು ಅಮ್ಮಂಗೆ ಹೇಳ್ಬೇಡ. ನಾಳೆ ಸ್ಕೂಲಲ್ಲಿ ಬಿದ್ದೆ ಅಂತೀನಿ. ಸ್ಕೂಲು ಯಾರ ಮನೇನೂ ಅಲ್ವಲ್ಲ.”

ಅಮ್ಮ, ಅವಳಿಗೆ ಒಂಬತ್ತು ವರ್ಷ. ಒಂದು ರಾತ್ರಿ ಪೂರ್ತಿ ಆ ಕೈ ಇಟ್ಟುಕೊಂಡು ನಿನ್ನ ಪಕ್ಕದಲ್ಲಿ ಮಲಗಿ, ಬೆಳಿಗ್ಗೆ ಸ್ಕೂಲಿಗೆ ಹೋಗಿ ಬೀಳಬೇಕೆಂದು ಅವಳು ಯೋಚನೆ ಮಾಡಿಟ್ಟುಕೊಂಡಿದ್ದಳು.

ಇದು ಯಾವತ್ತು ಶುರುವಾಯಿತು ಎಂದು ಯೋಚಿಸಿದೆ. ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಅಪ್ಪ ಬೋಂಡಾ ಕೊಡಿಸಿದ್ದನ್ನು ಅವಳು ನಿನ್ನ ಹತ್ತಿರ ಖುಷಿಯಿಂದ ಹೇಳಿಕೊಂಡಿದ್ದಳಲ್ಲ? ಮಾರನೇ ದಿನ ಕೆಮ್ಮು ಬಂತು. ಅದಕ್ಕಾಗಿ ಫೋನಿನಲ್ಲಿ ನೀನೂ ಅಪ್ಪನೂ ಆಡಿದ ಮಾತನ್ನು ನಾನು ಈ ಕಡೆಯಿಂದ ಕೇಳಿದೆ, ಅವಳು ಆ ಕಡೆಯಿಂದ ಕೇಳಿದ್ದಾಳೆ. ಇಲ್ಲಿ ಅಪ್ಪನೂ ಹಾಗೇ. ಅಮ್ಮ ಯಾರ ಜೊತೆ ಮಾತಾಡ್ತಾಳೆ, ಭಾನುವಾರ ಎಲ್ಲಿಗೆ ಹೋಗ್ತಾಳೆ ಎಂದು ಸುಮ್ಮನೆ ಕೇಳುವ ಹಾಗೆ ಕೇಳುತ್ತಾರೆ. ಈಗ ಏನು ಕೇಳಿದರೂ ಅವಳು ನೆನಪಿಲ್ಲ ಎನ್ನುತ್ತಾಳೆ. ಮರೆವು ಜಾಸ್ತಿ, ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ ಎಂದು ಅವಳ ಮೇಡಂ ಹೇಳಿದರೆಂದು ನೀನೇ ಬೇಜಾರು ಮಾಡಿಕೊಂಡಿದ್ದೆ. ಮರೆವಲ್ಲ ಅಮ್ಮ. ಐಸ್‌ಕ್ರೀಮ್ ಅಂಗಡಿಯಲ್ಲಿ ಯಾವುದು ಬೇಕೆಂದು ಕೇಳಿದರೂ ಮೊದಲು ನನ್ನ ಮುಖ ನೋಡುತ್ತಾಳೆ. ನಿನಗೆ ಯಾವುದು ಇಷ್ಟ ಅಕ್ಕ ಎನ್ನುತ್ತಾಳೆ. ಮೊದಲು ಎಷ್ಟು ಹಟ ಮಾಡುತ್ತಿದ್ದಳು, ನಿನಗೆ ನೆನಪಿದೆಯಲ್ಲ?

ಅವತ್ತು ನಾನು ಮೈಸೂರು ರೋಡ್ ಸ್ಟೇಷನ್ನಿನಲ್ಲಿ ಅವಳನ್ನು ಇಳಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆ. ನಿನ್ನ ಫೋನ್ ಎತ್ತದೇ ಇದ್ದದ್ದು ಅದಕ್ಕೇ, ಅವಳು ನನ್ನ ಕೈ ಹಿಡಿದು ಬೇಡ ಬೇಡ ಎನ್ನುತ್ತಿದ್ದಳು. ದೊಡ್ಡವರು ಯಾರಾದರೂ ಬರದೆ ಪಟ್ಟಿ ಹಾಕುವುದಿಲ್ಲ ಎಂದು ಅಲ್ಲಿಯವರು ಹೇಳಿದರು. ಒಬ್ಬರಿಗೆ ಮೊದಲು ಫೋನ್ ಮಾಡಿದರೆ ಇನ್ನೊಬ್ಬರು ನನಗೆ ಯಾಕೆ ಆಮೇಲೆ ಎನ್ನುತ್ತೀರಿ. ಇಬ್ಬರಿಗೂ ಒಂದೇ ಮೆಸೇಜು ಒಟ್ಟಿಗೆ ಕಳಿಸಿದೆ.

ನೀವಿಬ್ಬರೂ ಬಂದಿರಿ. ಅವಳ ಕೈ ನೋಡುವ ಮೊದಲೇ ಬಾಗಿಲಲ್ಲಿ ನಿಂತು ಶುರು ಮಾಡಿದಿರಿ. ಅವರ ಮನೆಯಲ್ಲಿ ಮಗುವನ್ನು ಯಾರೂ ನೋಡಿಕೊಳ್ಳುವುದಿಲ್ಲ ಎಂದು ನೀನು. ಮನೆ ಬಿಡುವಾಗ ಚೆನ್ನಾಗೇ ಇದ್ದಳು ಎಂದು ಅಪ್ಪ. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಡಾಕ್ಟರು ಎಲ್ಲಿ ಬಿದ್ದೆ ಪುಟ್ಟಿ ಎಂದು ಕೇಳಿದರು. ಅವಳು ನಿನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮೆಟ್ರೋದಲ್ಲಿ ಬಿದ್ದೆ, ಯಾರದ್ದೂ ತಪ್ಪಿಲ್ಲ ಎಂದಳು.

ನೀನು ನನ್ನ ಕಡೆ ತಿರುಗಿದೆ. “ನಿನ್ನ ನಂಬಿ ಮಗು ಕಳ್ಸಿದ್ನಲ್ಲೇ” ಎಂದೆ. ಅಪ್ಪನೂ ತಲೆ ಅಲ್ಲಾಡಿಸಿದರು. ಬಹಳ ದಿನದ ಮೇಲೆ ನೀವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ, ತಪ್ಪು ನನ್ನದು ಎಂದು. ಜಗಳ ನಿಂತಿತು. ಸ್ಪಂದನಳ ಬಿಗಿದ ಭುಜ ಸಡಿಲವಾದದ್ದನ್ನು ನಾನು ನೋಡಿದೆ. ಹಾಗಾಗಿ ಸುಮ್ಮನಿದ್ದೆ. ಇವತ್ತೂ ಸುಮ್ಮನೇ ಇರುತ್ತಿದ್ದೆ.

ಆದರೆ ಮೊನ್ನೆ ನೀನು ಸ್ನಾನಕ್ಕೆ ಹೋಗಿದ್ದಾಗ ಅವಳು ನಿನ್ನ ಫೋನಿನಿಂದ ನನಗೆ ಮಾಡಿದ್ದಳು. ಅವಳಿಗೆ ಬೈಯಬೇಡ. ನನ್ನ ಮೇಲೆ ಹಾಕಿದ್ದಕ್ಕೆ ಸಾರಿ ಅಂದಳು. ಆಮೇಲೆ ಪಿಸುಮಾತಿನಲ್ಲಿ ಒಂದು ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದಳು.

“ಇನ್ಮೇಲೆ ಹಂಗಾಗಲ್ಲ ಅಕ್ಕ. ಪ್ರಾಕ್ಟೀಸ್ ಮಾಡ್ತಾ ಇದೀನಿ. ತೊಡೇನ ಜೋರಾಗಿ ಚಿವುಟ್ಕೊಂಡ್ರೂ ಈಗ ಕಣ್ಣಲ್ಲಿ ನೀರು ಬರಲ್ಲ.”

ಅವಳ ತೊಡೆ ನೋಡು ಅಮ್ಮ. ನಾನು ನೋಡಿಲ್ಲ, ನೀನು ನೋಡು.

ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ. ಅವರು ತಾರಸಿಗೆ ಹೋಗಿ ಕೂತರು. ನೀರು ಚೆಲ್ಲಿದವಳು ನಾನೇ ಎಂದು ಅಜ್ಜಿ ಅತ್ತರು. ಕೇಸು ಮುಗಿಯುವವರೆಗೂ ನಿನಗೆ ಹೇಳಬಾರದೆಂದು ಅಪ್ಪ ಕೆಳಗೆ ಬಂದು ಹೇಳಿದರು. ಅದನ್ನು ಕೆಟ್ಟತನದಿಂದ ಹೇಳಲಿಲ್ಲ, ಹೆದರಿ ಹೇಳಿದರು. ಅವಳು ಇಲ್ಲಿರುವ ಭಾನುವಾರಕ್ಕಾಗಿಯೇ ಅವರು ವಾರ ದೂಡುತ್ತಾರೆ. ನೀನು ಈ ಕಾಗದವನ್ನು ವಕೀಲರಿಗೆ ಕೊಟ್ಟರೆ ಆ ಭಾನುವಾರವೂ ಹೋಗುತ್ತದೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ನೀನು ಅವಳ ಪಕ್ಕ ಕೂತು, ಮೆಟ್ಟಿಲಲ್ಲಿ ಬಿದ್ದದ್ದು ನನಗೆ ಗೊತ್ತಾಯಿತು, ಯಾರಿಗೂ ಬೈದಿಲ್ಲ, ಮುಂದಿನ ಶನಿವಾರ ನೀನು ಹೋಗಬಹುದು ಎಂದು ಹೇಳುತ್ತೀಯಾ? ಮೊದಲ ಸಲ ನಂಬುವುದಿಲ್ಲ. ಮತ್ತೆ ಹೇಳು. ಪಟ್ಟಿ ಬಿಚ್ಚುವ ದಿನ ನೀವಿಬ್ಬರೂ ಬನ್ನಿ. ಒಬ್ಬರೊಬ್ಬರು ಮಾತಾಡದಿದ್ದರೂ ಪರವಾಗಿಲ್ಲ, ಅವಳ ಎರಡೂ ಪಕ್ಕ ಕೂತರೆ ಸಾಕು. ನೋವಾಗಿ ಅತ್ತರೆ ಸುಮ್ಮನಿರು ಎನ್ನಬೇಡಿ. ಜೋರಾಗಿ ಅಳಲಿ.

ನನ್ನ ಕಾಲೇಜು ನಡೆಯುತ್ತಿದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ನನ್ನ ಬಗ್ಗೆ ಯೋಚನೆ ಬೇಡ.

ಇಂತಿ ನಿನ್ನ ದೊಡ್ಡ ಮಗಳು,
ವಚನಾ

ವಿ.ಸೂ.: ಯಾರ ಜೊತೆ ಇರುತ್ತೀಯ ಎಂದು ಕೋರ್ಟಿನ ಕೌನ್ಸೆಲರ್ ಮೇಡಂ ಕೇಳಿದಾಗ ನಾನು ಅಪ್ಪ ಎಂದೆ. ಆಗ ನಿನ್ನ ಮುಖ ಹೇಗಾಯಿತೆಂದು ನೋಡಿದ್ದೇನೆ. ಅಪ್ಪ ಹೆಚ್ಚು, ನೀನು ಕಡಿಮೆ ಅಂತಲ್ಲ ಅಮ್ಮ. ನನಗೆ ಆಗ ಹದಿನಾಲ್ಕು ವರ್ಷ. ಒಬ್ಬಳು ಇಲ್ಲಿ, ಒಬ್ಬಳು ಅಲ್ಲಿ ಇದ್ದರೆ ನಮ್ಮನ್ನು ಬಿಡಲು, ಕರೆದುಕೊಂಡು ಹೋಗಲು ನೀವಿಬ್ಬರೂ ವಾರವಾರ ಎದುರೆದುರು ಬರಲೇಬೇಕಾಗುತ್ತದೆ, ಬಂದು ಬಂದು ಒಂದು ದಿನ ಸರಿಹೋಗುತ್ತೀರಿ ಎಂದುಕೊಂಡಿದ್ದೆ. ಬಿಡುವ, ಕರೆತರುವ ಆ ಕೆಲಸವನ್ನೂ ನನಗೇ ಕೊಡುತ್ತೀರಿ ಎಂದು ಹೊಳೆದಿರಲಿಲ್ಲ.